ಎದೆಯೊಳಗಿದ್ದ ಗ್ರಂಥಿಯನ್ನು ಹುಡುಕಿಕೊಟ್ಟವರಿಗೆ

ಶಸ್ತ್ರಚಿಕಿತ್ಸೆಯಾಗಿ ಆರು ತಿಂಗಳು ತುಂಬಿತು. ರೋಗಿಯ ರಕ್ತದ ಕ್ಯಾಲ್ಸಿಯಂ ಸರಿಯಾದ ಮಟ್ಟದಲ್ಲೇ ನಿಂತಿದೆ. ರಕ್ತದ ಕ್ಯಾಲ್ಸಿಯಂ ಹತೋಟಿಯಲ್ಲಿಡುವ ಪ್ಯಾರಾಥೈರಾಯ್ಡ್ ಗ್ರಂಥಿಗಳ ಕಾಯಿಲೆಯಲ್ಲಿ ಇಷ್ಟು ಕಾಯದೆ ವಾಸಿಯಾಯಿತು ಎನ್ನುವಂತಿಲ್ಲ. ಈಗ ಧೈರ್ಯವಾಗಿ ಹೇಳಬಹುದು. ಇದಕ್ಕೆ ದುಡಿದ ಎಲ್ಲರಿಗೂ ನಮ್ಮ ಶಸ್ತ್ರಚಿಕಿತ್ಸಾ ತಂಡದ ವಂದನೆ.

ಥೈರಾಯ್ಡಿನ ಹಿಂಬದಿಗೆ ಅಂಟಿಕೊಂಡಿರುವ ಈ ಗ್ರಂಥಿಗಳು ಸಾಮಾನ್ಯವಾಗಿ ನಾಲ್ಕು. ಒಂದೊಂದರ ತೂಕ 30ರಿಂದ 50 ಮಿಲಿಗ್ರಾಂ. ಕೆಳಗಿನ ಜೋಡಿ ಭ್ರೂಣದಲ್ಲಿ ಎದೆಯ ಥೈಮಸ್ ಗ್ರಂಥಿಯ ಜೊತೆಗೇ ಹುಟ್ಟಿ ಅದರೊಂದಿಗೇ ಕೆಳಗಿಳಿಯುತ್ತದೆ. ಕತ್ತಿನಲ್ಲಿ ಬೇರ್ಪಡದಿದ್ದರೆ ನೇರ ಎದೆಗೂಡಿಗೆ ಹೋಗುತ್ತದೆ. ಇಲ್ಲಿ ಆದದ್ದೂ ಅದೇ: ಗಡ್ಡೆಯಾಗಿ ಬೆಳೆದ ಗ್ರಂಥಿ ಎದೆಯೊಳಗಿತ್ತು.

ಮೊದಲು ಲ್ಯಾಬಿನವರನ್ನು ನೆನೆಯಬೇಕು. ಕ್ಯಾಲ್ಸಿಯಂ ಏರಿದರೆ, ಅದನ್ನು ಏರಿಸುವ ಈ ಗ್ರಂಥಿಗಳ ಹಾರ್ಮೋನ್ ಪಿಟಿಎಚ್ ಇಳಿಯಬೇಕು. ಎರಡೂ ಏರಿದ್ದರೆ ಗ್ರಂಥಿಯ ಮೇಲೇ ಅನುಮಾನ. ಕೂದಲಿಗೆಂದು ನುಂಗುವ ಬಯೋಟಿನ್ ಮಾತ್ರೆ ಪಿಟಿಎಚ್ಚನ್ನು ಸುಳ್ಳೇ ಕಡಿಮೆ ತೋರಿಸಬಲ್ಲದು. ಅದನ್ನೂ ವಿಚಾರಿಸಿಯೇ ರಕ್ತ ತೆಗೆದರು.

ನ್ಯೂಕ್ಲಿಯರ್ ಮೆಡಿಸಿನ್ ವಿಭಾಗದ ಋಣ ದೊಡ್ಡದು. ಎದೆಮೂಳೆಯ ಹಿಂದಿರುವುದು ಅಲ್ಟ್ರಾಸೌಂಡಿಗೆ ಕಾಣಿಸುವುದಿಲ್ಲ. ಅವರು ಟೆಕ್ನೀಷಿಯಂ ಸೆಸ್ಟಮಿಬಿ ಎಂಬ ವಿಕಿರಣಶೀಲ ಮದ್ದು ಕೊಟ್ಟು ಹದಿನೈದು ನಿಮಿಷದ ಬಳಿಕ ಒಂದು, ಎರಡು ಗಂಟೆಯ ಬಳಿಕ ಮತ್ತೊಂದು ಚಿತ್ರ ತೆಗೆದರು. ಥೈರಾಯ್ಡ್ ಆ ಮದ್ದನ್ನು ಬೇಗ ಬಿಟ್ಟುಕೊಡುತ್ತದೆ, ಗಡ್ಡೆ ಹಿಡಿದಿಟ್ಟುಕೊಳ್ಳುತ್ತದೆ. ಕತ್ತಿಗೇ ನಿಲ್ಲದೆ ದವಡೆಯಿಂದ ಹೃದಯದವರೆಗೆ ನೋಡಿದ್ದರಿಂದಲೇ ಜಾಗ ತಿಳಿಯಿತು. ಇದೇ ಕಾಯಿಲೆಯಿದ್ದ ಅಮೆರಿಕದ ಹಡಗಿನ ಕ್ಯಾಪ್ಟನ್ ಚಾರ್ಲ್ಸ್ ಮಾರ್ಟೆಲ್‌ಗೆ ಈ ಭಾಗ್ಯವಿರಲಿಲ್ಲ. 1926ರಿಂದ ಮತ್ತೆ ಮತ್ತೆ ಕತ್ತು ಕೊಯ್ಸಿಕೊಂಡ ಅವರಿಗೆ, 1932ರಲ್ಲಿ ಬಾಸ್ಟನ್ನಿನಲ್ಲಿ ನಡೆದ ಏಳನೆಯ ಶಸ್ತ್ರಚಿಕಿತ್ಸೆಯಲ್ಲಿ ಗಡ್ಡೆ ಎದೆಯೊಳಗೆ ಸಿಕ್ಕಿತು. ಕೆಲವೇ ವಾರಗಳಲ್ಲಿ ಅವರು ತೀರಿಕೊಂಡರು. ಕತ್ತಿನಲ್ಲಿ ಸಿಗದಿದ್ದರೆ ಎದೆಯಲ್ಲಿ ಹುಡುಕಬೇಕೆಂಬ ಪಾಠಕ್ಕೆ ನಾವೆಲ್ಲ ಅವರಿಗೂ ಋಣಿಗಳು.

ಅರಿವಳಿಕೆ ತಜ್ಞರಿಗೆ ವಿಶೇಷ ಧನ್ಯವಾದ. ಪಿಟಿಎಚ್ಚಿನ ಅರ್ಧಾಯುಷ್ಯ, ಅಂದರೆ ರಕ್ತದಲ್ಲಿ ಅರ್ಧಕ್ಕಿಳಿಯುವ ಕಾಲ, 3ರಿಂದ 5 ನಿಮಿಷವಷ್ಟೇ. ಗಡ್ಡೆ ತೆಗೆದ ಹತ್ತು ನಿಮಿಷಕ್ಕೆ ಅದು ಅರ್ಧಕ್ಕಿಂತ ಕೆಳಗಿಳಿದರೆ ಹೊಲಿಗೆ ಹಾಕಬಹುದು. ಆದರೆ ರಕ್ತ ತೆಗೆಯುವ ನಳಿಕೆಯಲ್ಲಿ ನಿಂತ ಸಲೈನ್ ಬೆರೆತರೆ ಇಳಿಯದಿದ್ದರೂ ಇಳಿದಂತೆ ಕಾಣುತ್ತದೆ. ಪ್ರತಿ ಸಲವೂ ಮೊದಲ ರಕ್ತವನ್ನು ಚೆಲ್ಲಿ, ಆಮೇಲಿನದನ್ನೇ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಇಡಿಟಿಎ ಟ್ಯೂಬಿಗೆ ತುಂಬಿ ಐಸಿನಲ್ಲಿಟ್ಟು ಕಳಿಸಿದರು.

ವಾರ್ಡಿನ ಸಿಸ್ಟರ್‌ಗಳೇ, ಕೊನೆಯ ಗಂಡಾಂತರ ದಾಟಿಸಿದ್ದು ನೀವು. ಬಹುಕಾಲ ಸವೆದ ಮೂಳೆ ಗಡ್ಡೆ ಹೋದಕೂಡಲೇ ರಕ್ತದ ಕ್ಯಾಲ್ಸಿಯಂ ಹೀರತೊಡಗುತ್ತದೆ. ತುಟಿಯ ಸುತ್ತ, ಬೆರಳ ತುದಿಯಲ್ಲಿ ಜುಮುಗುಟ್ಟುತ್ತಿದೆಯೇ ಎಂದು ರಾತ್ರಿಯೂ ಕೇಳುತ್ತಿದ್ದಿರಿ. ಶೇ. 10ರ ಕ್ಯಾಲ್ಸಿಯಂ ಗ್ಲುಕೊನೇಟ್ 10 ಮಿಲಿಯನ್ನು ಡೆಕ್ಸ್ಟ್ರೋಸಿನಲ್ಲಿ ಬೆರೆಸಿ, ಇಸಿಜಿ ನೋಡುತ್ತ ಹತ್ತು ನಿಮಿಷ ನಿಧಾನವಾಗಿ ಕೊಟ್ಟಿರಿ. ಅದು ರಕ್ತನಾಳದಿಂದ ಹೊರಸೋರಿದರೆ ಚರ್ಮವೇ ಕೊಳೆಯುತ್ತದೆ, ಬೈಕಾರ್ಬೊನೇಟ್ ಸೇರಿದರೆ ಹೆಪ್ಪುಗಟ್ಟುತ್ತದೆ. ಎರಡೂ ಆಗಗೊಡಲಿಲ್ಲ.

ರೋಗಿಯ ಮನೆಯವರಿಗೂ ನಮಸ್ಕಾರ. ಕ್ಯಾಲ್ಸಿಯಂ ಮಾತ್ರೆಯನ್ನು ಊಟದೊಂದಿಗೇ ಕೊಟ್ಟು, ಹೇಳಿದ ದಿನಕ್ಕೆ ತಪ್ಪದೆ ರಕ್ತಪರೀಕ್ಷೆಗೆ ಕರೆತಂದಿರಿ. ಇನ್ನು ವರ್ಷಕ್ಕೊಮ್ಮೆ ಕ್ಯಾಲ್ಸಿಯಂ ನೋಡಿಸುವುದನ್ನು ಮಾತ್ರ ಮರೆಯಬೇಡಿ.