ಫಿಲ್ಟರ್ ಇದ್ದರೆ ರೋಗ ಬರುವುದಿಲ್ಲವೇ?

ಮಾನ್ಯರೇ,

ನಮ್ಮ ಬಡಾವಣೆಯ ಕಾಮಾಲೆ ಪ್ರಕರಣಗಳ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ನಿನ್ನೆ ಬಂದ ವರದಿ ಓದಿದೆ. ವರದಿಯ ಬಗ್ಗೆ ನನ್ನ ತಕರಾರಿಲ್ಲ. ಅದರಲ್ಲಿ ಅಧಿಕಾರಿಯೊಬ್ಬರು, ‘ಕುಡಿಯುವ ನೀರಿನ ಘಟಕದಲ್ಲಿ ಫಿಲ್ಟರ್ ಇದೆ, ರೋಗಾಣು ದಾಟಿ ಬರುವ ಪ್ರಶ್ನೆಯೇ ಇಲ್ಲ’ ಎಂದಿದ್ದಾರಲ್ಲ, ಅದನ್ನು ಓದಿ ಮೈ ಉರಿದುಹೋಯಿತು. ಸೊಸೆ ಹಾಸಿಗೆ ಹಿಡಿದಿದ್ದಾಳೆ. ಮೊಮ್ಮಗನ ಕಣ್ಣು ಹಳದಿಯಾಗಿ ಪರೀಕ್ಷೆ ತಪ್ಪಿತು. ನೀರು ಕುದಿಸಿ ಕುದಿಸಿ ಸಿಲಿಂಡರ್ ತಿಂಗಳಿಗೆ ಬರುತ್ತಿಲ್ಲ. ಇಷ್ಟಾದ ಮೇಲೂ ಪ್ರಶ್ನೆಯೇ ಇಲ್ಲವಂತೆ!

ಲ್ಯಾಬಿನಲ್ಲಿ ಕೆಲಸ ಮಾಡಿ ನಿವೃತ್ತಳಾದವಳು ನಾನು, ಅದಕ್ಕೇ ಸುಮ್ಮನಿರಲಾಗುತ್ತಿಲ್ಲ. ಈ ಮಾತನ್ನು 1884ರಲ್ಲಿ ಆಡಿದ್ದರೆ ಒಪ್ಪಬಹುದಿತ್ತು. ವಿಜ್ಞಾನಿ ಪಾಶ್ಚರ್ ಅವರ ಸಹೋದ್ಯೋಗಿ ಶಾಂಬರ್ಲಾಂ ಪ್ಯಾರಿಸ್ಸಿನಲ್ಲಿ ಬ್ಯಾಕ್ಟೀರಿಯಾ ತಡೆಯುವ ಪಿಂಗಾಣಿ ಫಿಲ್ಟರ್ ತಯಾರಿಸಿದ ವರ್ಷ ಅದು. 1892ರಲ್ಲಿ ರಷ್ಯಾದ ಇವಾನೊವ್ಸ್ಕಿ, ರೋಗ ಬಿದ್ದ ತಂಬಾಕಿನ ಎಲೆಯ ರಸವನ್ನು ಅಂಥದೇ ಫಿಲ್ಟರಿನಲ್ಲಿ ಸೋಸಿ ನೋಡಿದರು. ಸೋಸಿದ ರಸದಿಂದಲೂ ಒಳ್ಳೆಯ ಗಿಡಕ್ಕೆ ರೋಗ ಹತ್ತಿತು. 1898ರಲ್ಲಿ ಜರ್ಮನಿಯ ಲೋಫ್ಲರ್ ಮತ್ತು ಫ್ರೋಶ್, ನಮ್ಮ ದನಗಳನ್ನು ಇಂದಿಗೂ ಕಾಡುವ ಕಾಲುಬಾಯಿ ರೋಗವೂ ಹೀಗೆಯೇ ಫಿಲ್ಟರ್ ದಾಟುತ್ತದೆ ಎಂದು ತೋರಿಸಿದರು. ಇವೆರಡೂ ವೈರಸ್ಸಿನ ರೋಗಗಳು, ಹಾಗೆಂದು ವೈರಸ್ ಮಾತ್ರ ದಾಟುತ್ತದೆ ಎಂದುಕೊಳ್ಳಬೇಡಿ. ಇಲಿಜ್ವರ ತರುವ ಲೆಪ್ಟೊಸ್ಪೈರಾ ಬ್ಯಾಕ್ಟೀರಿಯಾವೇ. ಉದ್ದಕ್ಕೆ ಸುರುಳಿ ಸುತ್ತಿಕೊಂಡ ಅದರ ದಪ್ಪ ಮೈಕ್ರಾನಿನ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ಹತ್ತನೇ ಒಂದು ಭಾಗ. 0.22 ಮೈಕ್ರಾನ್ ರಂಧ್ರದ ಫಿಲ್ಟರಿನಲ್ಲೂ ನುಸುಳಿ ಆಚೆ ಬರುತ್ತದೆ. ಅದರಿಂದಲೂ ಕಾಮಾಲೆಯಾಗುತ್ತದೆ.

ಜಪಾನಿನ ನೊಗುಚಿಯಂಥ ದೊಡ್ಡ ವಿಜ್ಞಾನಿಯೂ ಇದರಲ್ಲಿ ಎಡವಿದರು. ಹಳದಿ ಜ್ವರಕ್ಕೆ ಲೆಪ್ಟೊಸ್ಪೈರಾ ಜಾತಿಯದೇ ಕಾರಣ ಎಂದು ಹಟ ಹಿಡಿದರು. ಅದು ನಿಜವಾಗಿ ಫಿಲ್ಟರ್ ದಾಟುವ ವೈರಸ್ಸಿನ ಕಾಯಿಲೆ. 1928ರಲ್ಲಿ ಆಫ್ರಿಕಾದ ಅಕ್ರಾದಲ್ಲಿ ಅದನ್ನೇ ಪರೀಕ್ಷಿಸುತ್ತಿದ್ದಾಗ ಹಳದಿ ಜ್ವರದಿಂದಲೇ ತೀರಿಕೊಂಡರು. 1931ರಲ್ಲಿ ಚಿಕಾಗೊದ ವಿಜ್ಞಾನಿ ಕೆಂಡಾಲ್, ಟೈಫಾಯ್ಡ್ ಬ್ಯಾಕ್ಟೀರಿಯಾವನ್ನು ಫಿಲ್ಟರ್ ದಾಟುವ ರೂಪಕ್ಕೆ ತಂದಿದ್ದೇನೆ ಎಂದಾಗ ಬೇರೆಯವರು ತಮ್ಮ ಲ್ಯಾಬಿನಲ್ಲಿ ಮಾಡಿ ನೋಡಿದರು, ಆ ಮಾತು ನಿಲ್ಲಲಿಲ್ಲ. ಬಾಯಿಮಾತನ್ನು ಯಾರೂ ನಂಬಲಿಲ್ಲ. ನಮ್ಮಲ್ಲಿ ಮಾತ್ರ ಒಂದು ಬಾಟಲಿ ನೀರನ್ನೂ ಲ್ಯಾಬಿಗೆ ಕಳಿಸದೆ ಪತ್ರಿಕೆಗೆ ಹೇಳಿಕೆ ಕೊಡಬಹುದು.

ಕಾಮಾಲೆ ತರುವ ಹೆಪಟೈಟಿಸ್ ಎ ವೈರಸ್ಸಿನ ಗಾತ್ರ 30 ನ್ಯಾನೊಮೀಟರಿಗಿಂತ, ಅಂದರೆ 0.03 ಮೈಕ್ರಾನಿಗಿಂತ ಕಡಿಮೆ. ಮನೆಯ ಕ್ಯಾಂಡಲ್ ಫಿಲ್ಟರ್ ಅದಕ್ಕೆ ಹೆಬ್ಬಾಗಿಲಿದ್ದಂತೆ. ಆರ್‌ಒ ಪೊರೆ ಸುಸ್ಥಿತಿಯಲ್ಲಿದ್ದರೆ ತಡೆದೀತು, ಆದರೆ ನಮ್ಮ ಘಟಕದ ಪೊರೆಯನ್ನು ಬದಲಿಸಿದ್ದು ಯಾವಾಗ? ಮೊನ್ನೆ ಕೆಲಸದ ಹುಡುಗ ಪೊರೆಗಿಂತ ಮೊದಲು ಬರುವ ಫಿಲ್ಟರ್ ಬಿಚ್ಚಿದಾಗ ನಾನೂ ನೋಡಿದೆ, ಕಂದು ಲೋಳೆ ಬೆರಳಿಗೆ ಅಂಟುತ್ತಿತ್ತು. ಅದನ್ನೇ ತೊಳೆದು ಮತ್ತೆ ಹಾಕಿದ. ಮುಖ್ಯ ಪೈಪಿನ ಜಾಯಿಂಟಿಗೆ ಸೈಕಲ್ ಟ್ಯೂಬ್ ಸುತ್ತಿದ್ದಾರೆ, ಅದು ಚರಂಡಿಯಲ್ಲೇ ಮುಳುಗಿದೆ. ಹಿಂದಿನ ಇಂಜಿನಿಯರಿಗೆ ಹೇಳಿದ್ದಾಯಿತು. ‘ಎಸ್ಟಿಮೇಟ್ ಹೋಗಿದೆ ಅಮ್ಮ’ ಎಂದರು. ಅವರಿಗೆ ವರ್ಗವಾಯಿತು, ಎಸ್ಟಿಮೇಟ್ ಮಾತ್ರ ವಾಪಸ್ ಬರಲಿಲ್ಲ. ಕಂದಾಯಕ್ಕೆ ಮಾತ್ರ ತಪ್ಪದೆ ನೋಟಿಸ್ ಬರುತ್ತದೆ.

ನೀರಿಗೆ ಕ್ಲೋರಿನ್ ಹಾಕಿಸಿ, ನಲ್ಲಿಯ ತುದಿಯಲ್ಲಿ ಅದು ಉಳಿದಿದೆಯೇ ಎಂದು ಪರೀಕ್ಷೆ ಮಾಡಿಸಲಿ. ಪೈಪನ್ನು ಚರಂಡಿಯಿಂದ ಎತ್ತಿಸಲಿ. ಹೇಳಿಕೆ ಕೊಟ್ಟವರು ಅದನ್ನು ಹಿಂಪಡೆದು ಬಡಾವಣೆಯ ಜನರ ಕ್ಷಮೆ ಕೇಳಲಿ. ಮೇಲಿನವರು ಏನಾದರೂ ಕ್ರಮ ಕೈಗೊಳ್ಳಲಿ. ಇಷ್ಟೂ ಆಗದಿದ್ದರೆ, ಗೊತ್ತಿಲ್ಲದ ವಿಷಯದಲ್ಲಿ ಬಾಯಿ ಮುಚ್ಚಿಕೊಂಡಾದರೂ ಇರಲಿ.

– ನೊಂದ ನಿವಾಸಿ, ಎರಡನೇ ಅಡ್ಡರಸ್ತೆ