ಬಾಣಂತನಕ್ಕೆ ಬರುವವರು ನೀರಿನ ಪೈಪನ್ನೂ ನೋಡಲಿ

ಮಾನ್ಯ ಸಂಪಾದಕರೇ,

ಅಮೆರಿಕದಲ್ಲಿರುವ ಮಗಳ, ಸೊಸೆಯ ಬಾಣಂತನಕ್ಕೆಂದು ವರ್ಷ ವರ್ಷವೂ ನಮ್ಮ ಕಡೆಯಿಂದ ಎಷ್ಟೋ ತಾಯಂದಿರು ವಿಮಾನ ಹತ್ತುತ್ತಾರೆ. ಅಂಟಿನುಂಡೆ, ಕಷಾಯದ ಪುಡಿ, ಮೆಂತ್ಯದ ಹಿಟ್ಟು ಎಲ್ಲವನ್ನೂ ನೆನಪಿಟ್ಟು ಕಟ್ಟಿಕೊಂಡು ಬರುತ್ತಾರೆ. ಅವರಿಗೆ ಒಂದು ಮಾತು ತಲುಪಲಿ ಎಂದು ಶಿಕಾಗೊದಿಂದ ಈ ಪತ್ರ ಬರೆಯುತ್ತಿದ್ದೇನೆ. ಕೂಸಿರುವ ಮನೆಗೆ ನೀರು ಯಾವ ಪೈಪಿನಲ್ಲಿ ಬರುತ್ತಿದೆ ಎಂದು ಮೊದಲು ನೋಡಿ. ಅದು ಸೀಸದ (ಲೆಡ್) ಪೈಪಾಗಿರಬಹುದು, ಆ ಸೀಸ ನೀರಿಗಿಳಿದರೆ ಮಗುವಿನ ಮಿದುಳಿಗೆ ಕೇಡು.

ಇದು ಎಲ್ಲೋ ಒಂದೆರಡು ಮನೆಯ ಕಥೆಯಲ್ಲ. ರಸ್ತೆಯಡಿಯ ದೊಡ್ಡ ಕೊಳವೆಯಿಂದ ಮನೆಯೊಳಕ್ಕೆ ನೀರು ತರುವ ಸಣ್ಣ ಪೈಪು ಸೀಸದ್ದೇ ಆಗಿರಬೇಕೆಂದು ಶಿಕಾಗೊದ ನಿಯಮವೇ ಹೇಳುತ್ತಿತ್ತು. 1986ರಲ್ಲಿ ಇಡೀ ದೇಶಕ್ಕೆ ಅನ್ವಯಿಸುವಂತೆ ನಿಷೇಧ ಬಂದ ಮೇಲಷ್ಟೇ ಅದು ನಿಂತಿತು. ಆದರೆ ಹೂತ ಪೈಪುಗಳು ಹೂತಲ್ಲೇ ಉಳಿದವು. ಈ ಒಂದೇ ಊರಿನಲ್ಲಿ ಅಂಥವು ಸುಮಾರು 4 ಲಕ್ಷ ಇವೆ. ಅಮೆರಿಕದ ಬೇರಾವ ನಗರದಲ್ಲೂ ಇಷ್ಟಿಲ್ಲ. ನಮ್ಮ ಮನೆಯದೂ ಅದೇ ಪೈಪು.

ಮಿಷಿಗನ್ ಸರೋವರದಿಂದ ಬರುವ ನೀರಿನಲ್ಲಿ ದೋಷವಿಲ್ಲ. ಪೈಪಿನ ಒಳಮೈಗೆ ರಕ್ಷಣೆಯ ಪದರ ಕೂರಲೆಂದು ನೀರಿಗೆ ಫಾಸ್ಫೇಟ್ ಕೂಡ ಸೇರಿಸುತ್ತಾರೆ. ಆದರೆ ಆ ಪದರವನ್ನೇ ನಂಬಿ ಕೂರುವಂತಿಲ್ಲ. ರಸ್ತೆ ಅಗೆದರೆ, ಮೀಟರ್ ಬದಲಿಸಿದರೆ ಅದು ಕದಲಿ ಸೀಸ ಬಿಟ್ಟುಕೊಳ್ಳುತ್ತದೆ. ಇದೇ ನಾಡಿನ ಫ್ಲಿಂಟ್ ನಗರ 2014ರಲ್ಲಿ ನೀರಿನ ಮೂಲ ಬದಲಿಸಿದಾಗ ಪೈಪು ಸವೆಯದಂತೆ ತಡೆಯುವ ಇಂಥ ರಾಸಾಯನಿಕ ಹಾಕಲಿಲ್ಲ. ಮಕ್ಕಳ ರಕ್ತದಲ್ಲಿ ಸೀಸ ಏರಿರುವುದನ್ನು ಡಾ. ಮೋನಾ ಹನ್ನಾ-ಅಟಿಶಾ ಎಂಬ ಮಕ್ಕಳ ವೈದ್ಯೆ ಅಂಕಿ ಅಂಶ ಸಮೇತ ಜನರ ಮುಂದಿಟ್ಟರು. ಮೊದಮೊದಲು ಅಧಿಕಾರಿಗಳು ಅವರ ಮಾತನ್ನೇ ತಳ್ಳಿಹಾಕಿದ್ದರು.

ಇನ್ನು ನಾನು ಮುಖ್ಯವಾಗಿ ಹೇಳಬೇಕಾದದ್ದು. ನಮ್ಮ ಅಮ್ಮಂದಿರಿಗೆ ನೀರು ಶುದ್ಧ ಮಾಡುವುದೆಂದರೆ ಕುದಿಸಿ ಆರಿಸುವುದು. ಕ್ರಿಮಿಗಳ ಮಟ್ಟಿಗೆ ಅದು ಸರಿಯಾದ ತಿಳಿವಳಿಕೆ, ತಲೆಮಾರುಗಳಿಂದ ಮಕ್ಕಳನ್ನು ಕಾಪಾಡಿದೆ. ಆದರೆ ಕುದಿಸಿದರೆ ಸೀಸ ಹೋಗುವುದಿಲ್ಲ. ನೀರು ಆವಿಯಾಗಿ ಕಡಿಮೆಯಾಗುತ್ತದೆ, ಸೀಸ ಪಾತ್ರೆಯಲ್ಲೇ ಉಳಿಯುತ್ತದೆ. ಬತ್ತಿಸಿದಷ್ಟೂ ಅದು ಗಾಢವಾಗುತ್ತದೆ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಲ್ಲಿ ವ್ಯತ್ಯಾಸವಿಲ್ಲ. ಹಾಲಿನ ಪುಡಿ ಕದಡಿ ಬಾಟಲಿಯಲ್ಲಿ ಕುಡಿಸುವ ಕೂಸಿಗಂತೂ ಹೊಟ್ಟೆಗೆ ಹೋಗುವುದರಲ್ಲಿ ಹೆಚ್ಚಿನ ಪಾಲು ಈ ನೀರೇ. ಇಷ್ಟು ಸೀಸವಾದರೆ ಪರವಾಗಿಲ್ಲ ಎನ್ನುವ ಪ್ರಮಾಣ ಮಕ್ಕಳ ಮಿದುಳಿನ ವಿಷಯದಲ್ಲಿ ಇಲ್ಲವೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಬೆಳಿಗ್ಗೆ ಎದ್ದವರೇ ನಲ್ಲಿ ತಿರುಗಿಸಿ ಕಾಫಿಗೆ ನೀರು ಹಿಡಿಯುವುದೂ ಹಾಗೆಯೇ. ರಾತ್ರಿಯಿಡೀ ಪೈಪಿನಲ್ಲಿ ನಿಂತ ನೀರಿಗೆ ಸೀಸ ಹೆಚ್ಚು ಇಳಿದಿರುತ್ತದೆ. ಸ್ನಾನ, ಪಾತ್ರೆ ತೊಳೆಯುವುದು ಆಗಿ ಐದಾರು ನಿಮಿಷ ನೀರು ಹರಿದ ಮೇಲೆ ಅಡುಗೆಗೆ ಹಿಡಿಯಿರಿ. ಅನ್ನ ಬೇಗ ಆಗಲಿ ಎಂದು ಬಿಸಿನೀರಿನ ನಲ್ಲಿಯಿಂದ ಹಿಡಿಯಲೇಬೇಡಿ. ಬಿಸಿನೀರು ಸೀಸವನ್ನು ಇನ್ನೂ ಬೇಗ ಕರಗಿಸಿಕೊಳ್ಳುತ್ತದೆ.

ಪೈಪನ್ನು ಗುರುತಿಸಲು ಪ್ಲಂಬರೇ ಬರಬೇಕಾಗಿಲ್ಲ. ಬೇಸ್‌ಮೆಂಟಿಗೆ ಇಳಿದು, ನೆಲದಿಂದಲೋ ಗೋಡೆಯಿಂದಲೋ ಹೊರಬಂದು ಮೀಟರ್ ಸೇರುವ ತುಂಡನ್ನು ಹುಡುಕಿ. ಮೀಟರ್ ದಾಟಿದ ಮೇಲೆ ತಾಮ್ರವಿದ್ದರೆ ಅದನ್ನು ನೋಡಿ ನಿಶ್ಚಿಂತರಾಗಬೇಡಿ, ನೋಡಬೇಕಾದದ್ದು ಮೀಟರಿಗಿಂತ ಹಿಂದಿನ ತುಂಡು. ಬೀಗದ ಕೈಯಿಂದ ಮೆಲ್ಲಗೆ ಕೆರೆಯಿರಿ. ಮಂಕು ಬೂದು ಬಣ್ಣದ ಕೆಳಗೆ ಬೆಳ್ಳಿಯ ಹೊಳಪು ಕಂಡು, ಅಯಸ್ಕಾಂತ ಅಂಟದಿದ್ದರೆ ಅದು ಸೀಸ. ಕೆಂಪಾಗಿ ಕಂಡರೆ ತಾಮ್ರ. ಅಯಸ್ಕಾಂತ ಕಚ್ಚಿಕೊಂಡರೆ ಸತು ಲೇಪಿಸಿದ ಕಬ್ಬಿಣ, ಅಂದರೆ ನಮ್ಮಲ್ಲಿ ಜಿಐ ಪೈಪು ಎನ್ನುವುದು. ಇದೂ ಪೂರ್ತಿ ನಿರಪಾಯಕಾರಿಯಲ್ಲ: ಅದರ ಹಿಂದೆ ಸೀಸದ ಪೈಪಿದ್ದರೆ ತುಕ್ಕಿನೊಳಗೆ ಸೀಸ ಸೇರಿಕೊಂಡಿರುತ್ತದೆ. ಕೆರೆದ ಮೇಲೆ ಕೈ ತೊಳೆದುಕೊಳ್ಳಿ.

ಬಾಡಿಗೆ ಮನೆಯಲ್ಲಿ ಬೇಸ್‌ಮೆಂಟಿಗೆ ಪ್ರವೇಶವಿಲ್ಲದಿದ್ದರೆ ಮಾಲೀಕರನ್ನು ಕೇಳಲು ಮಕ್ಕಳಿಗೆ ಹೇಳಿ. ಊರೂರಿನ ನೀರು ಸರಬರಾಜು ಸಂಸ್ಥೆಗಳು ಯಾವ ವಿಳಾಸಕ್ಕೆ ಯಾವ ಲೋಹದ ಪೈಪು ಎಂಬ ಪಟ್ಟಿಯನ್ನು 2024ರ ಅಕ್ಟೋಬರ್ ಒಳಗೆ ಸಿದ್ಧಪಡಿಸಬೇಕಿತ್ತು. ಅದರಲ್ಲಿ ‘ಗೊತ್ತಿಲ್ಲ’ ಎಂದು ಬರೆದಿದ್ದರೆ ಸೀಸವೆಂದೇ ತಿಳಿದು ನಡೆಯುವುದು ಕ್ಷೇಮ. ಶಿಕಾಗೊದಲ್ಲಿ 311ಕ್ಕೆ ಕರೆ ಮಾಡಿದರೆ ನೀರು ಪರೀಕ್ಷೆಯ ಬಾಟಲಿಗಳನ್ನು ಪುಕ್ಕಟೆಯಾಗಿ ಕಳಿಸುತ್ತಾರೆ. ಒಂದು ಸಲದ ಫಲಿತಾಂಶ ಚೆನ್ನಾಗಿ ಬಂದಿತೆಂದು ಸುಮ್ಮನಾಗಬಾರದು, ಸೀಸ ದಿನವೂ ಒಂದೇ ಸಮನಾಗಿ ಇಳಿಯುವುದಿಲ್ಲ.

ಪೈಪು ಬದಲಾಗುವವರೆಗೆ ದಾರಿ ಫಿಲ್ಟರ್. ಯಾವುದೋ ಒಂದು ಜಗ್ ಸಾಲದು. ‘ಎನ್‌ಎಸ್‌ಎಫ್ 53’ ಎಂಬ ಗುಣಮಟ್ಟದ ಗುರುತನ್ನೂ, ಸೀಸ ತೆಗೆಯುತ್ತದೆ ಎಂಬುದನ್ನೂ ಎರಡನ್ನೂ ಮುದ್ರಿಸಿರಬೇಕು. ಒಳಗಿನ ಕಾರ್ಟ್ರಿಜ್ ಅವಧಿಗೆ ಸರಿಯಾಗಿ ಬದಲಿಸಬೇಕು.

ನ್ಯೂಜೆರ್ಸಿ ರಾಜ್ಯದ ನ್ಯೂವರ್ಕ್ ನಗರ ಸುಮಾರು 23 ಸಾವಿರ ಸೀಸದ ಪೈಪುಗಳನ್ನು ಮೂರು ವರ್ಷದೊಳಗೆ, ಮನೆಯವರಿಂದ ಕಾಸು ಕೇಳದೆ ಬದಲಿಸಿತು. ಮನಸ್ಸು ಮಾಡಿದರೆ ಆಗುವ ಕೆಲಸವೇ ಇದು. ಶಿಕಾಗೊದ ವೇಗ ನೋಡಿದರೆ ಇವತ್ತು ತೊಟ್ಟಿಲಲ್ಲಿರುವ ಮಗು ಕಾಲೇಜು ಸೇರಿದರೂ ಮುಗಿಯುವಂತಿಲ್ಲ. ನನಗೆ ಸಿಟ್ಟು ಬರುವುದು ಇದಕ್ಕೇ.

ಕರ್ನಾಟಕದಲ್ಲಿ ಪ್ರಶ್ನೆ ಬೇರೆ. ನಮ್ಮಲ್ಲಿ ಸೀಸದ ಪೈಪಿಗಿಂತ, ಪಿವಿಸಿ ಪೈಪಿನ ತಯಾರಿಕೆಯಲ್ಲಿ ಬೆರೆಸುತ್ತಿದ್ದ ಸೀಸದ ಮಾತು ಹೆಚ್ಚು. ಅದನ್ನು ನಿಲ್ಲಿಸಲು ಕೇಂದ್ರ ಸರ್ಕಾರ 2021ರಲ್ಲಿ ನಿಯಮ ತಂದಿತು. ಅದಕ್ಕೂ ಹಿಂದಿನ ಪೈಪುಗಳು ಎಷ್ಟೋ ಮನೆಗಳಲ್ಲಿವೆ. ನೀರಿನಲ್ಲಿ ಕರಗಿರುವ ಲವಣಗಳ ಒಟ್ಟು ಪ್ರಮಾಣ ತೋರಿಸುವ ಟಿಡಿಎಸ್ ಮೀಟರ್ ಅದ್ದಿ ನೀರು ಚೆನ್ನಾಗಿದೆ ಎನ್ನುವವರ ಮಾತು ಇಲ್ಲಿ ಲೆಕ್ಕಕ್ಕೆ ಬಾರದು. ನಮ್ಮ ಕುಡಿಯುವ ನೀರಿನ ಮಾನದಂಡದಂತೆ ಲೀಟರಿಗೆ 0.01 ಮಿಲಿಗ್ರಾಂ ಸೀಸ ದಾಟಬಾರದು; ಅಷ್ಟು ಸಣ್ಣ ಪ್ರಮಾಣ ಆ ಮೀಟರಿಗೆ ಕಾಣುವುದೇ ಇಲ್ಲ. ಪ್ರಯೋಗಾಲಯಕ್ಕೆ ನೀರು ಕೊಡುವಾಗ ‘ಸೀಸವನ್ನೂ ನೋಡಿ’ ಎಂದು ಬಿಡಿಸಿ ಕೇಳಿ.

ಇಲ್ಲಿನ ಕನ್ನಡ ಕೂಟಗಳು ಊರಿನಿಂದ ಬಂದ ಹಿರಿಯರಿಗಾಗಿ ಆಗಾಗ ಸೇರುತ್ತವೆ. ಆ ಸಭೆಗಳಲ್ಲಿ ಹತ್ತು ನಿಮಿಷ ಈ ವಿಷಯಕ್ಕೆ ಕೊಡಲಿ ಎಂದು ಕೇಳಿಕೊಳ್ಳುತ್ತೇನೆ. ಸೀಸದ ಪೈಪಿನ ನೀರನ್ನು ಆಗಲೇ ಕುಡಿಸಿದ್ದರೆ ಮುಚ್ಚಿಡದೆ ಮಗುವಿನ ವೈದ್ಯರಿಗೆ ಹೇಳಿ. ಸೀಸಕ್ಕೆಂದೇ ರಕ್ತಪರೀಕ್ಷೆ ಇದೆ, ಬೆರಳ ತುದಿಯ ಒಂದು ಹನಿಯಲ್ಲೇ ಶುರುಮಾಡುತ್ತಾರೆ.

ಇತಿ,
ಶಿಕಾಗೊದಿಂದ ನಿಮ್ಮ ಪತ್ರಿಕೆಯ ಓದುಗರು