ಹಾಡಿನ ಡಿಸ್ಕ್ ಕಳಿಸುತ್ತಿದ್ದೇನೆ, ಜೊತೆಗೆ ಈ ಪತ್ರ

ದಾವಣಗೆರೆ

ಪ್ರೀತಿಯ ಪುಟ್ಟಿ,

ಮೈಸೂರಿನ ಹೊಸ ಮನೆಗೆ ಸಾಮಾನೆಲ್ಲ ಬಂತು ಅಂದೆಯಲ್ಲ, ಇನ್ನು ಹಾಡಿನ ಕೆಲಸ ಶುರು ಮಾಡಬಹುದು. ಫೋನಿನಲ್ಲಿ ಹೇಳಿದರೆ ಅರ್ಧ ಮರೆತುಹೋಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ನಮ್ಮ ಮನೆಯ ಹಾಡುಗಳೆಲ್ಲ ಇರುವ ಒಂದು ಹಾರ್ಡ್ ಡಿಸ್ಕನ್ನು ನಿಮ್ಮಪ್ಪನ ಕೈಲಿ ಕಳಿಸುತ್ತಿದ್ದೇನೆ. ಅದನ್ನು ನಿನ್ನ ಮನೆಯಲ್ಲಿ ಹೇಗೆ ಜೋಡಿಸಬೇಕು ಅನ್ನೋದು ಇಲ್ಲಿದೆ. ಪುರುಸೊತ್ತಾಗಿ ಓದು.

"ಆ್ಯಪ್‌ನಲ್ಲಿ ಎಲ್ಲಾ ಸಿಗುತ್ತಲ್ಲಮ್ಮ, ಈ ಪೆಟ್ಟಿಗೆ ಯಾಕೆ?" ಅಂತ ಕೇಳಿದ್ದೆ. ಬೇಕಾದಷ್ಟು ಸಿಗುತ್ತದೆ, ನಾನೂ ದಿನಾ ಕೇಳುತ್ತೇನೆ. ಆದರೆ ನಿಮ್ಮಜ್ಜಿ ಮಾಯಕೊಂಡದ ತೌರುಮನೆಯಲ್ಲಿ ಹೇಳಿದ ಬೀಸುವ ಪದ ಯಾವ ಆ್ಯಪ್‌ನಲ್ಲೂ ಇಲ್ಲ. ನಿಮ್ಮ ತಾತ ಭದ್ರಾವತಿ ಆಕಾಶವಾಣಿ ಹಚ್ಚಿಕೊಂಡು ಟೂ ಇನ್ ಒನ್‌ನಲ್ಲಿ ಹಿಡಿದಿಟ್ಟ ವಚನ ಗಾಯನವೂ ಇಲ್ಲ. ಅಲ್ಲಿ ಇವತ್ತು ಇರುವ ಹಾಡು ನಾಳೆಯೂ ಇರುತ್ತದೆ ಅನ್ನೋ ಭರವಸೆಯೂ ಇಲ್ಲ. ಹಕ್ಕಿನ ಒಪ್ಪಂದ ಮುಗಿದರೆ ಹಾಡು ಪಟ್ಟಿಯಿಂದ ಹೋಗುತ್ತದೆ, ಯಾರೂ ನಮ್ಮನ್ನು ಕೇಳುವುದಿಲ್ಲ.

ಪೆಟ್ಟಿಗೆಯ ವಿಷಯ ಬೇಗ ಮುಗಿಸುತ್ತೇನೆ, ಅದು ಸುಲಭ. ಈ ಪೆಟ್ಟಿಗೆಯ ಹೆಸರು ಎನ್‌ಎಎಸ್, ಅಂದರೆ ಮನೆಯ ನೆಟ್‌ವರ್ಕಿಗೆ ಸೇರಿಸಿದ ಡಿಸ್ಕ್, ಒಳಗೊಂದು ಸಣ್ಣ ಕಂಪ್ಯೂಟರ್ ಇರುತ್ತದೆ. ಎರಡು ಡಿಸ್ಕ್ ಹಿಡಿಯುವಂಥದ್ದನ್ನು ತಗೋ. ವೈಫೈ ಬೇಡ, ಲ್ಯಾನ್ ಕೇಬಲ್‌ನಿಂದ ನೇರ ರೂಟರಿಗೆ ಜೋಡಿಸು. ರೂಟರಿನ ಸೆಟ್ಟಿಂಗ್‌ನಲ್ಲಿ ಅದಕ್ಕೆ ಒಂದು ಐಪಿ ವಿಳಾಸ (ನೆಟ್‌ವರ್ಕಿನಲ್ಲಿ ಅದರ ಮನೆ ನಂಬರ್ ಇದ್ದ ಹಾಗೆ) ಕಾಯಂ ಮಾಡು, ಇಲ್ಲದಿದ್ದರೆ ವಿಳಾಸ ಬದಲಾದಾಗ ಹಾಡು ನುಡಿಸುವ ಪ್ಲೇಯರ್‌ಗಳು ಅದನ್ನು ಹುಡುಕುತ್ತಾ ಕೂರಬಹುದು. ಟೀವಿ ಕಪಾಟಿನ ಒಳಗೆ ತುರುಕಬೇಡ. ನಮ್ಮ ದಾವಣಗೆರೆ ಬಿಸಿಲು ನಿನಗೆ ಗೊತ್ತಲ್ಲ, ಇಲ್ಲಿ ನಡುಮನೆಯ ಗಾಳಿಯಾಡುವ ಮೂಲೆಯಲ್ಲಿ ಇಟ್ಟಿದ್ದೇನೆ. ಮೈಸೂರು ಅಷ್ಟು ಕಾಯುವುದಿಲ್ಲ, ಆದರೂ ಡಿಸ್ಕಿಗೆ ಗಾಳಿ ಬೇಕು. ಮಲಗುವ ಕೋಣೆಯಲ್ಲೂ ಬೇಡ, ರಾತ್ರಿ ಗುರ್ರ್ ಅನ್ನೋ ಸದ್ದು ಕೇಳುತ್ತದೆ. ಕರೆಂಟ್ ಹೋದರೂ ಸ್ವಲ್ಪ ಹೊತ್ತು ನಡೆಸುವ ಬ್ಯಾಟರಿ, ಅಂದರೆ ಒಂದು ಯುಪಿಎಸ್ ಕೊಳ್ಳಲೇಬೇಕು. ಯುಎಸ್‌ಬಿ ಕೇಬಲ್ ಇರುವ ಯುಪಿಎಸ್ ಆದರೆ, ಕರೆಂಟ್ ಹೋಯ್ತು ಅಂತ ಪೆಟ್ಟಿಗೆಗೆ ಅದೇ ತಿಳಿಸುತ್ತದೆ. ಪೆಟ್ಟಿಗೆ ಬರೆಯುತ್ತಿರುವುದನ್ನು ಮುಗಿಸಿ ತಾನೇ ಸರಿಯಾಗಿ ಆಫ್ ಆಗುತ್ತದೆ.

ಎಷ್ಟು ದೊಡ್ಡ ಡಿಸ್ಕ್ ಬೇಕು ಅಂತ ಕೇಳಿದ್ದೆ. ಲೆಕ್ಕ ಹೀಗೆ. ಸೀಡಿಯಲ್ಲಿ ಧ್ವನಿಯನ್ನು ಸೆಕೆಂಡಿಗೆ 44,100 ಸಲ ಅಳೆದು, ಪ್ರತಿ ಅಳತೆಯನ್ನು 16 ಬಿಟ್‌ನಲ್ಲಿ ಬರೆದಿರುತ್ತಾರೆ. ಎರಡು ಚಾನೆಲ್ ಸೇರಿ ಸೆಕೆಂಡಿಗೆ 1,411 ಕಿಲೋಬಿಟ್, ಗಂಟೆಗೆ ಸುಮಾರು 635 ಎಂಬಿ. ಫ್ಲ್ಯಾಕ್ ಅನ್ನೋ ಫೈಲ್ ರೂಪಕ್ಕೆ ಹಾಕಿದರೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ, ಧ್ವನಿಯಲ್ಲಿ ಒಂದು ಚೂರೂ ಕಳೆಯುವುದಿಲ್ಲ. 2 ಟಿಬಿ ಡಿಸ್ಕಿನಲ್ಲಿ 5,000 ಗಂಟೆಗೂ ಜಾಸ್ತಿ ಸಂಗೀತ ಹಿಡಿಯುತ್ತದೆ. ನಿನಗೆ ಧಾರಾಳವಾಯ್ತು. ಎಂಪಿ3ಯಲ್ಲೇ ಬಂದ ಹಾಡುಗಳನ್ನು ಮಾತ್ರ ಫ್ಲ್ಯಾಕ್ ಮಾಡಲು ಹೋಗಬೇಡ. ಎಂಪಿ3 ಮಾಡುವಾಗ ಧ್ವನಿಯಲ್ಲಿ ಒಮ್ಮೆ ಕಳೆದದ್ದು ವಾಪಸ್ ಬರುವುದಿಲ್ಲ, ಸುಮ್ನೆ ಜಾಗ ತಿನ್ನುತ್ತದೆ.

ಇನ್ನು ಕೋಣೆ ಕೋಣೆಗೆ ಹಾಡು ತಲುಪಿಸುವುದು. 1,411 ಕಿಲೋಬಿಟ್ ಅಂದರೆ ಒಂದೂವರೆ ಮೆಗಾಬಿಟ್ಟೂ ಇಲ್ಲ, ಹಾಗಾಗಿ ವೈಫೈ ವೇಗದ ಚಿಂತೆ ಬೇಡ. ಚಿಂತೆ ಗೋಡೆಯದ್ದು. ಅಡುಗೆಮನೆಯ ತನಕ ಸಿಗ್ನಲ್ ಕಡಿಯದೆ ಬರಬೇಕು, ಅಷ್ಟೇ. ನಿನ್ನ ಟೀವಿಯಲ್ಲೂ ಪೆಟ್ಟಿಗೆಯಲ್ಲೂ ಡಿಎಲ್‌ಎನ್‌ಎ (ಮನೆಯ ನೆಟ್‌ವರ್ಕಿನಲ್ಲಿ ಹಾಡು ಹಂಚಿಕೊಳ್ಳುವ ಪದ್ಧತಿ) ಇದ್ದರೆ ಪೆಟ್ಟಿಗೆಯನ್ನು ಟೀವಿಯೇ ಹುಡುಕಿಕೊಳ್ಳುತ್ತದೆ. ಒಂದು ಕೋಣೆಗೆ ಅದು ಸಾಕು. ಆದರೆ ಹಾಲ್‌ನಲ್ಲೂ ಅಡುಗೆಮನೆಯಲ್ಲೂ ಒಂದೇ ಹಾಡು ಒಟ್ಟಿಗೆ ಬರಬೇಕು ಅಂದರೆ ಎರಡೂ ಕಡೆ ತಾಳ ಕೂಡಬೇಕು. ಸ್ವಲ್ಪ ಹಿಂದುಮುಂದಾದರೂ ಬಾಗಿಲಲ್ಲಿ ನಿಂತವರಿಗೆ ಮಾರ್ದನಿ ಕೇಳಿಸುತ್ತದೆ.

ನಾನು ಇದಕ್ಕೆ ಲಿರಿಯನ್ ಮ್ಯೂಸಿಕ್ ಸರ್ವರ್ ಹಾಕಿದ್ದೇನೆ. ಇದರ ಕತೆ ನನಗೆ ಬಹಳ ಇಷ್ಟ. ಇದು ಸ್ಕ್ವೀಜ್‌ಬಾಕ್ಸ್ ಅನ್ನೋ ಪ್ಲೇಯರ್‌ಗಳಿಗಾಗಿ ಹುಟ್ಟಿದ ಸಾಫ್ಟ್‌ವೇರ್. ಆ ಪ್ಲೇಯರ್‌ಗಳು 2012ರ ಹೊತ್ತಿಗೇ ನಿಂತುಹೋದವು. ಸಾಫ್ಟ್‌ವೇರ್ ಎಲ್ಲರಿಗೂ ತೆರೆದಿದ್ದರಿಂದ ಬಳಸುವವರೇ ಕೈಹಿಡಿದು ನಡೆಸಿಕೊಂಡು ಬಂದರು. 2024ರಲ್ಲಿ ಹೊಸ ಹೆಸರೂ ಇಟ್ಟರು. ಇದಕ್ಕೆ ದುಡ್ಡು ಕೊಡಬೇಕಿಲ್ಲ. ಪ್ರತಿ ಕೋಣೆಗೂ ಆಡಿಯೋ ಜಾಕ್ ಇರುವ ಒಂದು ರಾಸ್‌ಬೆರಿ ಪೈ ಅನ್ನೋ ಪುಟ್ಟ ಕಂಪ್ಯೂಟರ್ ಇಟ್ಟು, ಅದಕ್ಕೆ ಪ್ಲೇಯರ್ ಸಾಫ್ಟ್‌ವೇರ್ ಹಾಕಿ, ಅದರ ಆಡಿಯೋ ವೈರನ್ನು ನಿನ್ನ ಹಳೇ ಸ್ಟೀರಿಯೋದ ಆಕ್ಸ್‌ಗೆ ಚುಚ್ಚಿದರೆ ಅದೇ ಪ್ಲೇಯರ್. ಕೋಣೆಗಳನ್ನು ಜೋಡಿಸುವ ಆಯ್ಕೆ ಅದರಲ್ಲೇ ಇದೆ. ಹೋದ ಸಲ ದುಗ್ಗಮ್ಮನ ಜಾತ್ರೆಗೆ ಮನೆ ತುಂಬ ನೆಂಟರು ಬಂದಾಗ ಪಡಸಾಲೆ, ಅಡುಗೆಮನೆ, ಮಾಳಿಗೆ ಮೂರೂ ಕಡೆ ಒಂದೇ ದನಿ ಹರಿಯುತ್ತಿತ್ತು. ರೊಟ್ಟಿ ಬಡಿಯುತ್ತಿದ್ದವರೂ ಪದ ತಪ್ಪಿಸಿಕೊಳ್ಳಲಿಲ್ಲ.

ಇಷ್ಟು ಮಾಡಲು ಒಂದು ಭಾನುವಾರ ಸಾಕು. ನಿಜವಾದ ಕೆಲಸ ಇರುವುದು ಹೆಸರು ಬರೆಯುವುದರಲ್ಲಿ. ನಾನು ಈ ಪತ್ರ ಬರೆಯುತ್ತಿರುವುದೇ ಅದಕ್ಕೆ.

ಪ್ರತಿ ಹಾಡಿನ ಫೈಲ್ ಒಳಗೂ ವಿವರ ಬರೆಯಲು ಜಾಗ ಇರುತ್ತದೆ, ಟ್ಯಾಗ್ ಅಂತಾರೆ. ಸರ್ವರ್ ಓದುವುದು ಅದನ್ನೇ. ಮಲ್ಲಿಕಾರ್ಜುನ ಮನ್ಸೂರರ ಹೆಸರನ್ನು ಒಂದು ಕಡೆ 'ಮನ್ಸೂರ', ಇನ್ನೊಂದು ಕಡೆ 'ಮನ್ಸೂರ್', ಮತ್ತೊಂದು ಕಡೆ ಇಂಗ್ಲಿಷಿನಲ್ಲಿ ಬರೆದರೆ ಅದಕ್ಕೆ ಅವರು ಮೂರು ಜನ. ಒಂದೇ ರೂಪ ಹಿಡಿ, ಬಿಡಬೇಡ. ಹಲವರು ಹಾಡಿದ ಕ್ಯಾಸೆಟ್ ಆದರೆ ಆಲ್ಬಮ್ ಆರ್ಟಿಸ್ಟ್ ಜಾಗದಲ್ಲಿ 'ವಿವಿಧ ಗಾಯಕರು' ಅಂತ ಹಾಕು, ಇಲ್ಲದಿದ್ದರೆ ಒಂದೇ ಕ್ಯಾಸೆಟ್ ಚೂರು ಚೂರಾಗಿ ಪಟ್ಟಿಯಲ್ಲಿ ಹರಡುತ್ತದೆ. ನಿಮ್ಮಪ್ಪ ಹಿಂದೆ 'ನುಡಿ' ಅನ್ನೋ ಕನ್ನಡ ಸಾಫ್ಟ್‌ವೇರಿನಲ್ಲಿ ಟೈಪ್ ಮಾಡಿದ್ದ ಪಟ್ಟಿ ಹಳೇ ಫಾಂಟಿನದ್ದು. ಅದನ್ನು ಹಾಗೇ ಅಂಟಿಸಿದರೆ ಅರ್ಥವಿಲ್ಲದ ಅಕ್ಷರ ಬರುತ್ತವೆ. ಮೊದಲು ಈಗ ಎಲ್ಲ ಕಡೆ ನಡೆಯುವ ಯೂನಿಕೋಡ್ ಅಕ್ಷರಕ್ಕೆ ಬದಲಿಸಿಕೋ. ಫ್ಲ್ಯಾಕ್ ಟ್ಯಾಗ್‌ಗಳು ಯೂನಿಕೋಡ್‌ನಲ್ಲೇ ಇರುವುದರಿಂದ ಕನ್ನಡ ಚೆನ್ನಾಗಿ ನಿಲ್ಲುತ್ತದೆ.

ಭಾವಗೀತೆಗೆ ಮೂರು ಜನ ಬೇಕು ಅಲ್ವಾ? ಬರೆದ ಕವಿ, ರಾಗ ಹಾಕಿದವರು, ಹಾಡಿದವರು. ಆ್ಯಪ್‌ಗಳಲ್ಲಿ ಎದುರಿಗೆ ಕಾಣುವುದು ಬಹಳ ಸಲ ಹಾಡಿದವರ ಹೆಸರು ಮಾತ್ರ. ನನಗೆ ಇದು ಸರಿಕಾಣುವುದಿಲ್ಲ. ನಾನು ಕಂಪೋಸರ್ ಜಾಗದಲ್ಲಿ ಕವಿಯನ್ನು ಕೂರಿಸಿದ್ದೇನೆ, ರಾಗ ಹಾಕಿದವರ ಹೆಸರನ್ನು ಕಾಮೆಂಟ್‌ನಲ್ಲಿ ಬರೆದಿದ್ದೇನೆ. ಈಗ ಬೇಂದ್ರೆ ಅಂತ ಒತ್ತಿದರೆ ಅವರ ಪದ್ಯಗಳನ್ನು ಯಾರು ಯಾರು ಹಾಡಿದ್ದಾರೋ ಎಲ್ಲರೂ ಒಟ್ಟಿಗೆ ಬರುತ್ತಾರೆ. ಜಿ.ಎಸ್. ಶಿವರುದ್ರಪ್ಪ, ಕೆ.ಎಸ್. ನರಸಿಂಹಸ್ವಾಮಿ ಅಂದರೂ ಹಾಗೇ.

ವಚನಕ್ಕೆ ಇನ್ನೂ ಸಲೀಸು. ತಾತನ ಕ್ಯಾಸೆಟ್‌ಗಳ ಮೇಲೆ ಬರೀ 'ವಚನ' ಅಂತ ಬರೆದಿದೆ, ಯಾರದ್ದು ಅಂತ ಇಲ್ಲ. ಕೊನೆಯ ಸಾಲು ಕೇಳಿದರೆ ಆಯ್ತು. ಕೂಡಲಸಂಗಮದೇವ ಬಂದರೆ ಬಸವಣ್ಣ, ಗುಹೇಶ್ವರ ಬಂದರೆ ಅಲ್ಲಮ, ಚೆನ್ನಮಲ್ಲಿಕಾರ್ಜುನ ಬಂದರೆ ಅಕ್ಕಮಹಾದೇವಿ. ಒಂಬೈನೂರು ವರ್ಷದ ಹಿಂದಿನವರು ತಮ್ಮ ವಚನಕ್ಕೆ ಅಂಕಿತ ಹಾಕಿಯೇ ಹೋಗಿದ್ದಾರೆ. ನಾವು ಅದನ್ನು ಟ್ಯಾಗ್‌ಗೆ ಏರಿಸಿದರೆ ಸಾಕು.

ಅಜ್ಜಿಯ ಕ್ಯಾಸೆಟ್ ಬಗ್ಗೆ ಹೇಳಬೇಕು. ಒಳಗೆ ಟೇಪನ್ನು ಹೆಡ್ಡಿಗೆ ಒತ್ತಿ ಹಿಡಿಯುವ ಸಣ್ಣ ಮೆತ್ತೆ ಅಂಟು ಒಣಗಿ ಉದುರಿತ್ತು. ಬೇರೆ ಕ್ಯಾಸೆಟ್ಟಿನ ಮೆತ್ತೆ ತೆಗೆದು ಕೂರಿಸಿದೆ. ಡೆಕ್ಕಿನ ಹೆಡ್ಡನ್ನು ಸ್ಪಿರಿಟ್ ಹಚ್ಚಿದ ಹತ್ತಿಯಲ್ಲಿ ಒರೆಸಿದಾಗ ಹತ್ತಿ ಕಂದು ಬಣ್ಣಕ್ಕೆ ತಿರುಗಿತು. ಆಮೇಲೆ ಆಡಾಸಿಟಿ ಅನ್ನೋ ರೆಕಾರ್ಡಿಂಗ್ ಸಾಫ್ಟ್‌ವೇರಿನಲ್ಲಿ 24 ಬಿಟ್‌ಗೆ ಇಟ್ಟು, ಸದ್ದು ಮೇಲಿನ ಗೆರೆ ಮುಟ್ಟದ ಹಾಗೆ ನೋಡಿಕೊಂಡು ರೆಕಾರ್ಡ್ ಮಾಡಿದೆ. ಅದರಲ್ಲಿ ಗದ್ದಲ ತೆಗೆಯುವ ಒಂದು ಸೌಲಭ್ಯ ಇದೆ. ಒಂದೇ ಸಮ ಬರುವ ಸದ್ದನ್ನು ಗುರುತಿಸಿ ಕಳೆಯುತ್ತದೆ. ಅಜ್ಜಿ ಬೀಸುವ ಕಲ್ಲು ತಿರುಗಿಸುತ್ತಲೇ ಪದ ಹೇಳಿದ್ದಾಳೆ. ಆ ಗರಗರ ಇದೆಯಲ್ಲ, ಸಾಫ್ಟ್‌ವೇರಿನ ಪಾಲಿಗೆ ಅದೇ ಗದ್ದಲ! ಅವಳ ಹಾಡಿಗೆ ಅದೇ ತಾಳ. ಹಿಡಿ ಜೋಳ ಕಲ್ಲಿನ ಬಾಯಿಗೆ ಹಾಕಿದಾಗ ಕಲ್ಲು ಭಾರವಾಗುತ್ತದೆ, ಪದವೂ ಸ್ವಲ್ಪ ನಿಧಾನವಾಗುತ್ತದೆ, ನುಣ್ಣಗಾಗುತ್ತಾ ಮತ್ತೆ ಓಡುತ್ತದೆ. ಅದನ್ನು ಹಾಗೇ ಬಿಟ್ಟಿದ್ದೇನೆ. ನೀನೂ ಮುಟ್ಟಬೇಡ.

ಎರಡು ಎಚ್ಚರಿಕೆ. ಪೆಟ್ಟಿಗೆಯಲ್ಲಿ ಎರಡು ಡಿಸ್ಕ್ ಒಂದೇ ರೀತಿ ಬರೆದುಕೊಳ್ಳುತ್ತವೆ ಅಂತ ನಿಶ್ಚಿಂತೆಯಾಗಿ ಕೂರಬೇಡ. ಒಂದು ಡಿಸ್ಕ್ ಕೆಟ್ಟರೆ ಇನ್ನೊಂದು ಕಾಯುತ್ತದೆ ನಿಜ, ಆದರೆ ಕೈತಪ್ಪಿ ಒಂದು ಹಾಡು ಅಳಿಸಿದರೆ ಎರಡರಲ್ಲೂ ಅಳಿಯುತ್ತದೆ. ಅದಕ್ಕೇ ಬೇರೆ ಊರಿನಲ್ಲಿ ಒಂದು ಪ್ರತಿ ಇರಬೇಕು, ಅದು ನಿನ್ನ ಹತ್ತಿರ. ನಿನ್ನ ಪ್ರತಿ ನನ್ನ ಹತ್ತಿರ ಇರಲಿ. ಹಬ್ಬಕ್ಕೆ ಬಂದಾಗಲೆಲ್ಲ ಬದಲಾಯಿಸಿಕೊಳ್ಳೋಣ. ಇನ್ನೊಂದು, ಆಫೀಸಿನಿಂದಲೂ ಕೇಳಬೇಕು ಅಂತ ರೂಟರಿನಲ್ಲಿ ಪೋರ್ಟ್, ಅಂದರೆ ಹೊರಗಿನವರು ಒಳಬರುವ ಬಾಗಿಲು, ತೆರೆಯಬೇಡ. 2021, 2022ರಲ್ಲಿ ಹೀಗೆ ಇಂಟರ್ನೆಟ್‌ಗೆ ತೆರೆದಿದ್ದ ಎನ್‌ಎಎಸ್‌ಗಳಿಗೆ ರಾನ್ಸಮ್‌ವೇರ್ ಅನ್ನೋ ಸುಲಿಗೆ ಸಾಫ್ಟ್‌ವೇರ್ ನುಗ್ಗಿ, ಫೈಲ್‌ಗಳಿಗೆ ಬೀಗ ಹಾಕಿ ದುಡ್ಡು ಕೇಳಿತ್ತು. ಹೊರಗಿನಿಂದ ಬೇಕೇ ಬೇಕಾದರೆ ವಿಪಿಎನ್ ಹಾಕಿಕೋ, ಅದು ಮನೆಯ ನೆಟ್‌ವರ್ಕಿಗೆ ಬರುವ ಬೀಗ ಹಾಕಿದ ಖಾಸಗಿ ದಾರಿ.

ಡಿಸ್ಕಿನಲ್ಲಿ 'ಯಾರೋ' ಅಂತ ಒಂದು ಫೋಲ್ಡರ್ ಇದೆ. ಅಜ್ಜಿಯ ಜೊತೆ ಸೊಲ್ಲು ಸೇರಿಸಿದ ಹೆಂಗಸರ ದನಿ ಅದರಲ್ಲಿದೆ. ನನಗೆ ಗುರುತು ಸಿಗಲಿಲ್ಲ, ನಾನಾಗ ತೀರಾ ಚಿಕ್ಕವಳು. ನಿಮ್ಮ ದೊಡ್ಡಮ್ಮನಿಗೆ ಗೊತ್ತಿರುತ್ತದೆ, ಅವಳು ಆ ಮನೆಯಲ್ಲೇ ಬೆಳೆದವಳು. ಈಗ ನಿನಗೆ ಅವಳ ಮನೆ ಹತ್ತಿರ. ಲ್ಯಾಪ್‌ಟಾಪ್ ತಗೊಂಡು ಹೋಗಿ ಒಂದೊಂದೇ ಕೇಳಿಸು. ಹೆಡ್‌ಫೋನ್ ಹಾಕು, ಅವಳಿಗೆ ಬಲಗಿವಿ ಚೆನ್ನಾಗಿ ಕೇಳುತ್ತದೆ. ಹೆಸರು, ಊರು, ಯಾರ ಮನೆಯವರು, ಅಷ್ಟನ್ನೂ ಬರೆದುಕೋ. ಸಿಕ್ಕಿದ್ದನ್ನು ಅವತ್ತೇ ನನಗೆ ಕಳಿಸು, ಇಲ್ಲಿಯ ಪ್ರತಿಯಲ್ಲಿ ನಾನು ತುಂಬಿಸುತ್ತೇನೆ.

ಇಂತಿ ನಿನ್ನ,
ಅಮ್ಮ